ಏರು ಹತ್ತದ ರೈಡಿಂಗ್ ಮೋವರ್: ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್ ಬಿಚ್ಚುವ ಮುಂಚೆ ಏನೇನು ನೋಡಬೇಕು, ಯಾವ ಕ್ರಮದಲ್ಲಿ

ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ, ಸಮತಟ್ಟಾದ ಜಾಗದಲ್ಲಿ ಚೆನ್ನಾಗಿಯೇ ಓಡುತ್ತದೆ. ಏರು ಬಂತೆಂದರೆ ಪೆಡಲ್ ಎಷ್ಟು ಒತ್ತಿದರೂ ಅಲ್ಲೇ ನಿಲ್ಲುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಕೈಗೆ ಸಿಕ್ಕಿದ ಆಯಿಲ್ ತಂದು ಸುರಿಯುತ್ತಾರೆ, ಇಲ್ಲವೇ ಟ್ರಾನ್ಸ್‌ಮಿಷನ್ ಹೋಯಿತು ಎಂದು ಹೊಸದನ್ನೇ ತರಿಸುತ್ತಾರೆ. ಎಷ್ಟೋ ಸಲ ದುಡ್ಡು ಹೋಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಯಾಕೆಂದರೆ ಬೆಲ್ಟ್ ಜಾರಿದರೂ, ಗಾಡಿ ತಳ್ಳಲು ಇರುವ ಬೈಪಾಸ್ ಲಿವರ್ ಅರ್ಧಕ್ಕೆ ಸಿಕ್ಕಿಕೊಂಡರೂ, ಚಕ್ರವನ್ನು ಅದರ ಅಚ್ಚಿಗೆ ಹಿಡಿಸುವ ಉಕ್ಕಿನ ತುಂಡು (ಕೀ) ಮುರಿದರೂ, ಒಳಗಿನ ಪಂಪ್ ಸವೆದರೂ ಸೀಟಿನ ಮೇಲೆ ಕೂತವರಿಗೆ ಗೊತ್ತಾಗುವುದು ಒಂದೇ: ಗಾಡಿ ಎಳೆಯುತ್ತಿಲ್ಲ. ಅದಕ್ಕೇ ಹುಡುಕುವ ಕ್ರಮ ಮುಖ್ಯ. ಹೊರಗಿನಿಂದ ಒಳಕ್ಕೆ ಹೋಗಬೇಕು. ಖರ್ಚಿಲ್ಲದ್ದನ್ನು ಮೊದಲು ನೋಡಿ, ಖರ್ಚಿನದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಹೈಡ್ರೋಸ್ಟಾಟಿಕ್ ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ ಟ್ರಾನ್ಸ್‌ಮಿಷನ್. ಶಕ್ತಿ ಹರಿಯುವ ದಾರಿ ತಲೆಯಲ್ಲಿದ್ದರೆ ಕೆಲಸ ಸುಲಭ. ಎಂಜಿನ್ ಬೆಲ್ಟನ್ನು ತಿರುಗಿಸುತ್ತದೆ. ಬೆಲ್ಟ್ ಟ್ರಾನ್ಸ್‌ಮಿಷನ್ನಿನೊಳಗಿನ ಪಂಪನ್ನು ತಿರುಗಿಸುತ್ತದೆ. ಪಂಪ್ ಒತ್ತಡದಲ್ಲಿ ಆಯಿಲ್ ದೂಡುತ್ತದೆ. ಆ ಆಯಿಲ್ ಹೈಡ್ರಾಲಿಕ್ ಮೋಟರನ್ನು, ಮೋಟರ್ ಗೇರುಗಳನ್ನು, ಗೇರುಗಳು ಆಕ್ಸಲನ್ನು ತಿರುಗಿಸುತ್ತವೆ. ನೀವು ಪೆಡಲ್ ಒತ್ತಿದಾಗ ಪಂಪಿನೊಳಗಿನ ಒಂದು ತಟ್ಟೆ ಓರೆಯಾಗುತ್ತದೆ. ಓರೆ ಜಾಸ್ತಿಯಾದಷ್ಟೂ ಆಯಿಲ್ ಜಾಸ್ತಿ ಹರಿಯುತ್ತದೆ, ವೇಗವೂ ಜಾಸ್ತಿ. ಒಳಗಿನ ಭಾಗಗಳ ನಡುವೆ ಇರುವ ಸಂದು ಕಣ್ಣಿಗೆ ಕಾಣದಷ್ಟು ಸಣ್ಣದು. ಸವೆದು ಆ ಸಂದು ದೊಡ್ಡದಾದರೆ ಆಯಿಲ್ ಕೆಲಸ ಮಾಡದೆ ಒಳಗೇ ಸೋರಿಹೋಗುತ್ತದೆ. ಆಯಿಲ್ ಬಿಸಿಯಾಗಿ ತೆಳ್ಳಗಾದಾಗ ಇನ್ನೂ ಬೇಗ ಸೋರುತ್ತದೆ.

## ಬೇಕಾಗುವ ಸಾಮಾನು

ನಿಮ್ಮ ಮಾಡೆಲ್‌ನ ಮ್ಯಾನುಯಲ್ ಎಲ್ಲಕ್ಕಿಂತ ಮೊದಲು ಬೇಕು. ಟ್ರಾನ್ಸ್‌ಮಿಷನ್ ಮೇಲೂ ಬೇರೆ ಲೇಬಲ್ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಆಯಿಲ್ ಮತ್ತು ಬಿಡಿಭಾಗ ಹುಡುಕುವಾಗ ಅದೇ ನಂಬರ್ ಕೇಳುತ್ತಾರೆ.

ಸಾಕೆಟ್ ಸೆಟ್, ಸ್ಪ್ಯಾನರ್, ಸ್ಕ್ರೂಡ್ರೈವರ್, ಇಕ್ಕಳ, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು, ಗಟ್ಟಿ ಬ್ರಷ್, ಟಾರ್ಚ್, ಬಟ್ಟೆ, ಸೀಮೆಸುಣ್ಣ. ಸೀಮೆಸುಣ್ಣವನ್ನು ತಮಾಷೆಗೆ ಸೇರಿಸಿಲ್ಲ, 5ನೇ ಹಂತದಲ್ಲಿ ಬೇಕಾಗುತ್ತದೆ.

## ಕೈ ಹಾಕುವ ಮುಂಚೆ

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಬ್ಲೇಡ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಚಾವಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಸ್ಪಾರ್ಕ್ ಪ್ಲಗ್ ವೈರನ್ನೂ ಕಿತ್ತಿಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಹಿಂದಿನ ಚಕ್ರ ಎತ್ತಿದರೆ ಪಾರ್ಕಿಂಗ್ ಬ್ರೇಕ್ ಗಾಡಿಯನ್ನು ಹಿಡಿಯುವುದಿಲ್ಲ. ಬ್ರೇಕ್ ಇರುವುದೇ ಹಿಂದೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ.

ಈಗಷ್ಟೇ ಹುಲ್ಲು ಕತ್ತರಿಸಿ ಬಂದಿದ್ದರೆ ಟ್ರಾನ್ಸ್‌ಮಿಷನ್ ಕೈ ಸುಡುವಷ್ಟು ಬಿಸಿ ಇರುತ್ತದೆ. ತಣ್ಣಗಾಗಲು ಬಿಡಿ.

## ಹಂತ 1: ಬಿಚ್ಚಬೇಡಿ, ಓಡಿಸಿ ನೋಡಿ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಆದರೆ ಹೆಚ್ಚಿನವರು ಹಾರಿಸುವುದೂ ಇದೇ ಹಂತವನ್ನು.

ಮೊದಲು ಎಂಜಿನ್ನಿನ ಸದ್ದು ಕೇಳಿ. ಏರಿನಲ್ಲಿ ಎಂಜಿನ್ ಸದ್ದು ಕುಗ್ಗುತ್ತಾ, ಏದುಸಿರು ಬಿಡುತ್ತಾ ನಿಂತರೆ ಟ್ರಾನ್ಸ್‌ಮಿಷನ್ ಮೇಲೆ ಅನುಮಾನ ಬೇಡ. ಒಂದೋ ಎಂಜಿನ್ನಿಗೇ ತಾಕತ್ತಿಲ್ಲ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ತನ್ನ ಪಾಡಿಗೆ ತಾನು ಆರಾಮಾಗಿ ಓಡುತ್ತಿದ್ದು ಗಾಡಿ ಮಾತ್ರ ನಿಂತರೆ, ಶಕ್ತಿ ನಡುವೆ ಎಲ್ಲೋ ಕಳೆದುಹೋಗುತ್ತಿದೆ. ಬೆಲ್ಟ್, ಬೈಪಾಸ್, ಹೈಡ್ರೋ (ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್) ಅಥವಾ ಕೀ.

ಎರಡನೆಯದು ಬಿಸಿ ಮತ್ತು ತಣ್ಣಗಿನ ವ್ಯತ್ಯಾಸ. ಬೆಳಿಗ್ಗೆ ಶುರು ಮಾಡಿದಾಗ ಗಟ್ಟಿಯಾಗಿ ಎಳೆದು, ಅರ್ಧ ಗಂಟೆಯ ನಂತರ ಸೊರಗಿ, ತಣ್ಣಗಾದ ಮೇಲೆ ಮತ್ತೆ ಸರಿ ಹೋಗುತ್ತದೆಯೇ? ಹಾಗಿದ್ದರೆ ಆಯಿಲ್, ಕೂಲಿಂಗ್ ಅಥವಾ ಒಳಗಿನ ಸವೆತದ ಕಡೆ ಬೆರಳು ತೋರಿಸಬಹುದು. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಒಂದೇ ತರಹ ಸೋಲುತ್ತಿದ್ದರೆ ಬೆಲ್ಟ್, ಬೈಪಾಸ್, ಲಿಂಕೇಜ್ (ಪೆಡಲನ್ನು ಟ್ರಾನ್ಸ್‌ಮಿಷನ್ನಿಗೆ ಸೇರಿಸುವ ರಾಡುಗಳು) ಕಡೆ ನೋಡಿ.

ಮೂರನೆಯದು ದಿಕ್ಕು. ಮುಂದಕ್ಕೆ ಸರಿಯಾಗಿ ಹೋಗಿ ಹಿಂದಕ್ಕೆ ಮಾತ್ರ ಎಳೆಯದಿದ್ದರೆ, ಅಥವಾ ಇದರ ಉಲ್ಟಾ ಆದರೆ, ಬೆಲ್ಟ್ ತಪ್ಪಲ್ಲ. ಗಾಡಿ ಯಾವ ಕಡೆ ಹೋದರೂ ಬೆಲ್ಟ್ ತಿರುಗುವುದು ಒಂದೇ ದಿಕ್ಕಿಗೆ ಅಲ್ವಾ? ಆಗ ಲಿಂಕೇಜ್ ನೋಡಿ. ಅದು ಸರಿ ಇದ್ದರೆ ತೊಂದರೆ ಟ್ರಾನ್ಸ್‌ಮಿಷನ್ನಿನ ಒಳಗಿನ ವಾಲ್ವ್‌ನಲ್ಲಿ ಇರಬಹುದು.

ನಿಂತಲ್ಲೇ ತಿರುಗುವ ಝೀರೋ ಟರ್ನ್ ಗಾಡಿಗೂ ಇದೇ ತರ್ಕ. ಅದರಲ್ಲಿ ಎಡಕ್ಕೊಂದು, ಬಲಕ್ಕೊಂದು ಹೈಡ್ರೋ ಇರುತ್ತದೆ. ಸಾಮಾನ್ಯವಾಗಿ ಎರಡನ್ನೂ ಒಂದೇ ಬೆಲ್ಟ್ ಓಡಿಸುತ್ತದೆ. ಒಂದು ಕಡೆ ಮಾತ್ರ ಸೋತರೆ ಬೆಲ್ಟ್ ಬಿಟ್ಟು ಆ ಕಡೆಯ ಬೈಪಾಸ್, ಲಿಂಕೇಜ್, ಬ್ರೇಕ್, ಹೈಡ್ರೋ ನೋಡಿ. ಎರಡೂ ಕಡೆ ಒಟ್ಟಿಗೇ ಸೋತರೆ ಮೊದಲ ಅನುಮಾನ ಬೆಲ್ಟ್ ಮೇಲೆ.

ಇನ್ನೊಂದು ಮಾತು. ಚಕ್ರ ತಿರುಗುತ್ತಿದೆ, ಹುಲ್ಲಿನ ಮೇಲೆ ಜಾರುತ್ತಿದೆ ಅಂದರೆ ಅದು ಟೈರಿನ ತೊಂದರೆ. ಹೈಡ್ರೋ ಪಾಪ, ತನ್ನ ಕೆಲಸ ಮಾಡುತ್ತಿದೆ.

## ಹಂತ 2: ಥ್ರಾಟಲ್, ಬೈಪಾಸ್, ಬ್ರೇಕ್

ಹೈಡ್ರೋಸ್ಟಾಟಿಕ್ ಗಾಡಿಯಲ್ಲಿ ವೇಗವನ್ನು ಪೆಡಲ್‌ನಿಂದ ನಿಯಂತ್ರಿಸಬೇಕು, ಥ್ರಾಟಲ್‌ನಿಂದಲ್ಲ. ಹುಲ್ಲು ಕತ್ತರಿಸುವಾಗ ಥ್ರಾಟಲ್ ಪೂರ್ತಿ ಮೇಲಿರಲಿ. ಪೆಟ್ರೋಲ್ ಉಳಿಸಲು ಅರ್ಧ ಥ್ರಾಟಲ್‌ನಲ್ಲಿ ಓಡಿಸಿದರೆ ಪಂಪ್ ನಿಧಾನ ತಿರುಗುತ್ತದೆ, ಕೂಲಿಂಗ್ ಫ್ಯಾನ್ ಕೂಡ ನಿಧಾನವಾಗುತ್ತದೆ. ಶಕ್ತಿಯೂ ಕಮ್ಮಿ, ಬಿಸಿಯೂ ಜಾಸ್ತಿ.

ಈಗ ಬೈಪಾಸ್. ಎಂಜಿನ್ ಆಫ್ ಆಗಿರುವಾಗ ಗಾಡಿಯನ್ನು ತಳ್ಳಲು ಅನುಕೂಲವಾಗಲಿ ಎಂದು ಹಿಂಬದಿಯಲ್ಲಿ ಒಂದು ರಾಡ್ ಅಥವಾ ಲಿವರ್ ಇರುತ್ತದೆ. ಅದನ್ನು ಎಳೆದರೆ ಪಂಪಿನ ಆಯಿಲ್ ಮೋಟರ್ ತಲುಪದೆ ಅಡ್ಡದಾರಿ ಹಿಡಿಯುತ್ತದೆ. ಗಾಡಿ ಶೆಡ್ಡಿನಿಂದ ತಳ್ಳಿಕೊಂಡು ಬಂದವರು ಅದನ್ನು ವಾಪಸ್ ಹಾಕಲು ಮರೆತಿರುತ್ತಾರೆ. ಅದಕ್ಕಿಂತ ಮೋಸದ್ದು ಅರ್ಧಕ್ಕೆ ನಿಂತ ಲಿವರ್. ರಾಡ್ ಬಗ್ಗಿರುತ್ತದೆ, ತುಕ್ಕು ಹಿಡಿದಿರುತ್ತದೆ, ಒಣಹುಲ್ಲು ತುಂಬಿರುತ್ತದೆ. ಹೊರಗಿನ ಹಿಡಿ ಸರಿಯಾದ ಜಾಗದಲ್ಲೇ ಇದ್ದರೂ ಟ್ರಾನ್ಸ್‌ಮಿಷನ್ ಮೇಲಿನ ಚಿಕ್ಕ ತೋಳು ಪೂರ್ತಿ ವಾಪಸ್ ಬಂದಿರುವುದಿಲ್ಲ. ಆದ್ದರಿಂದ ಹಿಡಿ ನೋಡಿ ಸುಮ್ಮನಾಗಬೇಡಿ. ಟಾರ್ಚ್ ಹಿಡಿದು ಆ ತೋಳನ್ನೇ ನೋಡಿ, ಕೈಯಲ್ಲಿ ಕೊನೆಯವರೆಗೂ ದೂಡಿ.

ನಂತರ ತಳ್ಳುವ ಪರೀಕ್ಷೆ. ಸಮತಟ್ಟಾದ ಜಾಗ, ಎಂಜಿನ್ ಆಫ್, ಪಾರ್ಕಿಂಗ್ ಬ್ರೇಕ್ ಬಿಟ್ಟಿರಲಿ. ಬೈಪಾಸ್ ಓಡಿಸುವ ಸ್ಥಾನದಲ್ಲಿದ್ದಾಗ ಗಾಡಿ ತಳ್ಳಿದರೆ ಬಲವಾಗಿ ತಡೆಯಬೇಕು. ತಳ್ಳುವ ಸ್ಥಾನಕ್ಕೆ ಹಾಕಿದಾಗ ಸಲೀಸಾಗಿ ಉರುಳಬೇಕು. ಎರಡರಲ್ಲೂ ಸಲೀಸಾಗಿ ಉರುಳಿದರೆ ಬೈಪಾಸ್ ಮುಚ್ಚುತ್ತಿಲ್ಲ, ಕೀ ಮುರಿದಿದೆ, ಅಥವಾ ಒಳಗಡೆ ಬಹಳ ಸವೆದಿದೆ. ಎರಡರಲ್ಲೂ ಬಿಗಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಬ್ರೇಕ್ ರಾಡಿನ ನಟ್ ಜಾಸ್ತಿ ಬಿಗಿಯಾಗಿದ್ದರೆ ಹೀಗಾಗುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಬ್ರೇಕ್ ಇಲ್ಲದೆ ನಿಧಾನಕ್ಕೆ ಜಾರಿದರೆ ಗಾಬರಿ ಬೇಡ. ಅದು ಹೈಡ್ರೋಸ್ಟಾಟಿಕ್‌ನ ಸ್ವಭಾವ. ಚೆನ್ನಾಗಿರುವ ಯೂನಿಟ್ಟೂ ಸ್ವಲ್ಪ ಜಾರುತ್ತದೆ.

## ಹಂತ 3: ಬೆಲ್ಟ್ ಮತ್ತು ಪುಲ್ಲಿ

ಟ್ರಾನ್ಸ್‌ಮಿಷನ್ ಹೋಯಿತು ಎಂದು ತಪ್ಪಾಗಿ ತಿಳಿಯುವಂತೆ ಮಾಡುವುದರಲ್ಲಿ ಬೆಲ್ಟಿನದೇ ಮೊದಲ ಸ್ಥಾನ. ಇಲ್ಲಿ ಆತುರ ಮಾಡಬೇಡಿ.

ಇದು ವಿ ಬೆಲ್ಟ್. ಅದು ಪುಲ್ಲಿಯನ್ನು ಹಿಡಿಯುವುದು ಎರಡು ಪಕ್ಕೆಗಳಿಂದ, ತಳದಿಂದಲ್ಲ. ಪಕ್ಕೆ ಸವೆದ ಬೆಲ್ಟ್ ಪುಲ್ಲಿಯ ತೋಡಿನಲ್ಲಿ ಕೆಳಗಿಳಿದು ತಳ ಮುಟ್ಟುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಬೆಲ್ಟನ್ನು ಬೆರಳಲ್ಲಿ ತಿರುಚಿ ಪಕ್ಕೆ ನೋಡಿ. ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ದಾರ ಎದ್ದಿದ್ದರೆ ಬದಲಾಯಿಸಿ. ಸುತ್ತಮುತ್ತ ಕಪ್ಪು ರಬ್ಬರ್ ಪುಡಿ, ಸುಟ್ಟ ವಾಸನೆ, ಹೊರಡುವಾಗ ಕೀರಲು ಸದ್ದು ಇವೂ ಜಾರುವ ಬೆಲ್ಟಿನ ಗುರುತುಗಳು.

ಬೆಲ್ಟ್ ಚೆನ್ನಾಗಿದ್ದರೂ ಅದನ್ನು ಬಿಗಿ ಹಿಡಿಯುವ ವ್ಯವಸ್ಥೆ ಕೆಟ್ಟಿರಬಹುದು. ಐಡ್ಲರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಮರಳು ಅರೆದಂತೆ ಗರಗರ ಅಂದರೆ, ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಐಡ್ಲರ್ ತೋಳನ್ನು ಹಿಂದಕ್ಕೆಳೆದು ಬಿಡಿ. ಸ್ಪ್ರಿಂಗ್ ಅದನ್ನು ಚಟಕ್ಕನೆ ವಾಪಸ್ ತರಬೇಕು. ಸೋಮಾರಿಯಂತೆ ವಾಪಸ್ ಬಂದರೆ ತಿರುಗುವ ಜಾಗದಲ್ಲಿ ತುಕ್ಕು ಮತ್ತು ಜಿಡ್ಡು ಕೂತಿದೆ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ. ಕೆಲವು ಗಾಡಿಗಳಲ್ಲಿ ಬ್ರೇಕ್ ಪೆಡಲ್ ಒತ್ತಿದಾಗ ಬೆಲ್ಟ್ ಸಡಿಲವಾಗುವಂತೆ ಮಾಡಿರುತ್ತಾರೆ. ಅಲ್ಲಿ ಪೆಡಲ್ ಪೂರ್ತಿ ಮೇಲೆ ಬರದಿದ್ದರೆ ಬೆಲ್ಟ್ ಯಾವಾಗಲೂ ಅರ್ಧ ಸಡಿಲವಾಗಿಯೇ ಇರುತ್ತದೆ.

ಟ್ರಾನ್ಸ್‌ಮಿಷನ್ ಮೇಲಿನ ಪುಲ್ಲಿಯನ್ನೂ ಅಲ್ಲಾಡಿಸಿ ನೋಡಿ. ಅದರ ಒಳಗಿನ ಹಲ್ಲುಗಳು ಸವೆದಿದ್ದರೆ ಪುಲ್ಲಿ ತಿರುಗುತ್ತದೆ, ಶಾಫ್ಟ್ ತಿರುಗುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು ಮೂರು. ಉದ್ದ ಹೆಚ್ಚುಕಮ್ಮಿ ಸರಿಯಿದೆ ಎಂದು ಬೇರೆ ಬೆಲ್ಟ್ ಹಾಕುವುದು. ಸ್ವಲ್ಪ ಉದ್ದವಾದರೂ ಐಡ್ಲರ್ ಕೊನೆಗೆ ಬಂದು ನಿಲ್ಲುತ್ತದೆ, ಬಿಗಿ ಸಿಗುವುದಿಲ್ಲ. ಮ್ಯಾನುಯಲ್ ಹೇಳಿದ ಪಾರ್ಟ್ ನಂಬರಿನದ್ದೇ ತನ್ನಿ. ಎರಡನೆಯದು, ಬೆಲ್ಟ್ ಹಾರದಂತೆ ತಡೆಯುವ ಕಂಬಿಗಳ ಹೊರಗಡೆಯಿಂದ ಬೆಲ್ಟ್ ಹಾಯಿಸುವುದು. ಹಳೆಯದನ್ನು ತೆಗೆಯುವ ಮುಂಚೆ ನಾಲ್ಕು ಫೋಟೋ ತೆಗೆದುಕೊಂಡರೆ ಈ ತಲೆನೋವು ಇಲ್ಲ. ಮೂರನೆಯದು, ಜಾರುವ ಬೆಲ್ಟಿಗೆ ಅಂಟಿನ ಸ್ಪ್ರೇ ಹೊಡೆಯುವುದು. ಎರಡು ದಿನ ಹಿಡಿಯುತ್ತದೆ, ಆಮೇಲೆ ಅದಕ್ಕೇ ಧೂಳು ಹುಲ್ಲು ಮೆತ್ತಿಕೊಳ್ಳುತ್ತದೆ.

ಬೆಲ್ಟ್ ಮೇಲೆ ಆಯಿಲ್ ಕಂಡರೆ ಹೊಸ ಬೆಲ್ಟ್ ಹಾಕುವ ಮುಂಚೆ ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಇಲ್ಲವಾದರೆ ಹೊಸದಕ್ಕೂ ಅದೇ ಗತಿ.

## ಹಂತ 4: ಪೆಡಲ್ ಒತ್ತಿದ್ದು ಟ್ರಾನ್ಸ್‌ಮಿಷನ್ ತನಕ ಮುಟ್ಟುತ್ತಿದೆಯೇ?

ಎಂಜಿನ್ ಆಫ್ ಮಾಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಟ್ರಾನ್ಸ್‌ಮಿಷನ್ ಪಕ್ಕದ ಕಂಟ್ರೋಲ್ ತೋಳು ನೋಡಿ. ಪೆಡಲ್ ತಳ ಮುಟ್ಟಿದಾಗ ತೋಳೂ ತನ್ನ ಕೊನೆ ಮುಟ್ಟಬೇಕು. ರಾಡಿನ ಜಾಯಿಂಟ್ ಸಡಿಲವಾಗಿದ್ದರೆ, ರಾಡ್ ಬಗ್ಗಿದ್ದರೆ ತೋಳು ಮುಕ್ಕಾಲಿಗೇ ನಿಲ್ಲುತ್ತದೆ. ಹಾಗಾದರೆ ವೇಗ ಕಮ್ಮಿಯಾಗುತ್ತದೆ, ಆದರೆ ನಿಧಾನವಾಗಿಯಾದರೂ ಏರು ಹತ್ತುತ್ತದೆ. ವೇಗ ಕಮ್ಮಿಯಾಗುವುದು ಬೇರೆ, ಬಲ ಕಮ್ಮಿಯಾಗುವುದು ಬೇರೆ. ಟ್ರಾನ್ಸ್‌ಮಿಷನ್ ಕೂರಿಸಿದ ಬೋಲ್ಟ್‌ಗಳು ಸಡಿಲವಾಗಿವೆಯೇ ಎಂದೂ ನೋಡಿ.

## ಹಂತ 5: ಚಕ್ರದ ಕೀ

ಎರಡು ನಿಮಿಷದ ಕೆಲಸ, ಇಡೀ ಟ್ರಾನ್ಸ್‌ಮಿಷನ್ ಉಳಿಸಬಹುದು.

ಹಲವು ರೈಡಿಂಗ್ ಮೋವರ್‌ಗಳಲ್ಲಿ ಚಕ್ರದ ಹಬ್ (ನಡುಭಾಗ) ಆಕ್ಸಲ್ ಜೊತೆ ತಿರುಗುವುದು ಒಂದು ಚಿಕ್ಕ ಚೌಕದ ಉಕ್ಕಿನ ಕೀ ಇರುವುದರಿಂದ. ಅದು ಮುರಿದರೆ ಆಕ್ಸಲ್ ಒಳಗೇ ತಿರುಗುತ್ತದೆ, ಚಕ್ರ ನಿಂತೇ ಇರುತ್ತದೆ. ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇರುವ ಗಾಡಿಯಲ್ಲಿ ಶಕ್ತಿ ಸುಲಭವಾಗಿ ತಿರುಗುವ ಕಡೆಗೇ ಹೋಗುತ್ತದೆ. ಹಾಗಾಗಿ ಒಂದೇ ಕಡೆಯ ಕೀ ಹೋದರೂ ಗಾಡಿ ಕದಲುವುದಿಲ್ಲ. ನೋಡುವವರಿಗೆ ಹೈಡ್ರೋ ಸತ್ತಂತೆಯೇ ಕಾಣುತ್ತದೆ.

ಹಬ್ಬಿನ ಮುಚ್ಚಳ ತೆಗೆಯಿರಿ. ಆಕ್ಸಲ್ ತುದಿಯಿಂದ ಹಬ್ ಮೇಲಕ್ಕೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಎರಡೂ ಚಕ್ರಕ್ಕೆ. ಈಗ ಸೀಟಿನ ಮೇಲೆ ಕೂತು ಸ್ವಲ್ಪ ಓಡಿಸಲು ನೋಡಿ, ಎಂಜಿನ್ ಆಫ್ ಮಾಡಿ, ಇಳಿದು ನೋಡಿ. ಗೆರೆ ಒಂದೇ ಸಾಲಿನಲ್ಲಿದ್ದರೆ ಕೀ ಸರಿಯಿದೆ. ಆಕ್ಸಲ್ ಮೇಲಿನ ತುಂಡು ಒಂದು ಕಡೆ, ಹಬ್ ಮೇಲಿನ ತುಂಡು ಇನ್ನೊಂದು ಕಡೆ ಆಗಿದ್ದರೆ ಕಳ್ಳ ಸಿಕ್ಕಿದ. ಚಕ್ರ ತೆಗೆದು ಕೀ ಬದಲಾಯಿಸಿ. ವಾಷರ್ ಮತ್ತು ಕ್ಲಿಪ್ ಇದ್ದ ಕ್ರಮದಲ್ಲೇ ವಾಪಸ್ ಹಾಕಿ. ಕೀ ಕೂರುವ ತೋಡು ಅಗಲವಾಗಿ ಹೋಗಿದ್ದರೆ ಹೊಸ ಕೀ ಕೂಡ ಬಾಳುವುದಿಲ್ಲ.

## ಹಂತ 6: ಫ್ಯಾನ್ ಮತ್ತು ಕಸ

ಟ್ರಾನ್ಸ್‌ಮಿಷನ್ ಮೇಲೆ ಪುಲ್ಲಿಯ ಜೊತೆ ಒಂದು ಫ್ಯಾನ್ ಇರುತ್ತದೆ, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಕಡ್ಡಿ ಸಿಕ್ಕಿ ರೆಕ್ಕೆ ಮುರಿದಿರುವುದು ಸಾಮಾನ್ಯ. ಕೇಸ್ ಮೇಲೆ ಒಣಹುಲ್ಲು, ಧೂಳು, ಸೋರಿದ ಆಯಿಲ್ ಸೇರಿ ದಪ್ಪ ಪದರ ಕೂತಿದ್ದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಬಿಸಿಯಾದಾಗ ಮಾತ್ರ ಸೋಲುವ ಗಾಡಿಗೆ ಇದನ್ನು ಮಾಡದೆ ಆಯಿಲ್ ಕಡೆ ಹೋಗಬೇಡಿ.

ಬ್ರಷ್‌ನಿಂದ ಕೆರೆದು, ಗಾಳಿ ಹೊಡೆದು ತೆಗೆಯಿರಿ. ಪ್ರೆಶರ್ ವಾಷರ್ ಬೇಡ. ಬಿಸಿ ಕೇಸಿಗೆ ಜೋರಾಗಿ ನೀರು ಹೊಡೆದರೆ ಅದು ಸೀಲ್ ಮತ್ತು ಗಾಳಿ ಕಿಂಡಿಯಿಂದ ಒಳಗೆ ಸೇರುತ್ತದೆ.

## ಹಂತ 7: ಆಯಿಲ್ ನೋಡುವುದು

ಗಾಡಿ ತಣ್ಣಗಿರಲಿ. ಮುಚ್ಚಳದ ಸುತ್ತ ಚೆನ್ನಾಗಿ ಒರೆಸಿ, ಆಮೇಲೆ ತೆಗೆಯಿರಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಆ ಸಣ್ಣ ಸಂದುಗಳಲ್ಲಿ ಅದು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಮಟ್ಟವನ್ನು ಮ್ಯಾನುಯಲ್ ಹೇಳುವ ಗುರುತಿಗೆ ಹೋಲಿಸಿ. ಕಂಠಪೂರ್ತಿ ತುಂಬಬೇಡಿ, ಬಿಸಿಯಾದಾಗ ಹಿಗ್ಗಿ ಹೊರಗೆ ಉಕ್ಕುತ್ತದೆ.

ಬಣ್ಣವೂ ಮಾತಾಡುತ್ತದೆ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಗಾಳಿ ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ವಿಪರೀತ ಬಿಸಿಯಾಗಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಲೋಹದ ಮಿಂಚು ಕಂಡರೆ ಒಳಗೆ ಸವೆತ ಶುರುವಾಗಿದೆ.

ಮಟ್ಟ ಕಮ್ಮಿಯಿದ್ದರೆ ಆಯಿಲ್ ಎಲ್ಲೋ ಹೋಗಿದೆ ಎಂದರ್ಥ. ಆಕ್ಸಲ್ ಸೀಲ್, ಪುಲ್ಲಿಯ ಕೆಳಗಿನ ಶಾಫ್ಟ್ ಸೀಲ್, ಕೇಸಿನ ಜೋಡಣೆ ಈ ಮೂರು ಕಡೆ ಒದ್ದೆ ಹುಡುಕಿ.

## ಹಂತ 8: ಗಾಳಿ ತೆಗೆಯುವುದು

ಆಯಿಲ್ ಕಮ್ಮಿಯಾಗಿದ್ದರೆ, ಬದಲಾಯಿಸಿದ್ದರೆ, ಟ್ರಾನ್ಸ್‌ಮಿಷನ್ ಕಳಚಿ ಹಾಕಿದ್ದರೆ ಒಳಗೆ ಗಾಳಿ ಇರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಹಾಗೆ ಕುಗ್ಗುವುದಿಲ್ಲ. ಗಾಳಿ ಸೇರಿದ ಹೈಡ್ರೋ ಜರ್ಕ್ ಹೊಡೆಯುತ್ತದೆ, ಕೊರಗುಟ್ಟುತ್ತದೆ, ಎಳೆಯುವುದಿಲ್ಲ. ಹೊಸ ಆಯಿಲ್ ಹಾಕಿದೆ, ಮೊದಲಿಗಿಂತ ಹಾಳಾಯಿತು ಎನ್ನುವವರಲ್ಲಿ ಹಲವರು ಬಿಟ್ಟಿರುವುದು ಈ ಹಂತವನ್ನೇ.

ಅನೇಕ ಪೆಡಲ್ ಗಾಡಿಗಳ ಮ್ಯಾನುಯಲ್‌ನಲ್ಲಿ ಇರುವ ವಿಧಾನ ಹೀಗಿದೆ. ನಿಮ್ಮ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ.

1. ಸಮತಟ್ಟಾದ, ಸುತ್ತ ಯಾರೂ ಇಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ. ಎಂಜಿನ್ ಆಫ್, ಬ್ರೇಕ್ ಹಾಕಿ, ಬೈಪಾಸನ್ನು ತಳ್ಳುವ ಸ್ಥಾನಕ್ಕೆ ಹಾಕಿ.
2. ಸೀಟಿನ ಮೇಲೆ ಕೂತು ಎಂಜಿನ್ ಸ್ಟಾರ್ಟ್ ಮಾಡಿ, ಥ್ರಾಟಲನ್ನು ನಿಧಾನದ ಸ್ಥಾನದಲ್ಲಿಡಿ, ಬ್ರೇಕ್ ಬಿಡಿ. ಮುಂದಕ್ಕೆ ಓಡಿಸುವ ಪೆಡಲ್ ಪೂರ್ತಿ ಒತ್ತಿ 5 ಸೆಕೆಂಡ್ ಹಿಡಿಯಿರಿ, ಬಿಡಿ. ಹಿಂದಕ್ಕೆ ಓಡಿಸುವ ಪೆಡಲ್ 5 ಸೆಕೆಂಡ್. ಹೀಗೆ 3 ಸಲ. ಚಕ್ರ ತಿರುಗುವುದಿಲ್ಲ, ತಿರುಗಬಾರದು.
3. ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಬೈಪಾಸನ್ನು ಓಡಿಸುವ ಸ್ಥಾನಕ್ಕೆ ತನ್ನಿ.
4. ಮತ್ತೆ ಸ್ಟಾರ್ಟ್ ಮಾಡಿ, ಬ್ರೇಕ್ ಬಿಟ್ಟು, ಸುಮಾರು 5 ಅಡಿ ಮುಂದೆ, 5 ಅಡಿ ಹಿಂದೆ ಓಡಿಸಿ. ಇದೂ 3 ಸಲ.
5. ಎಂಜಿನ್ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಗಾಳಿ ಹೊರಬಂದಷ್ಟು ಮಟ್ಟ ಇಳಿದಿರುತ್ತದೆ. ತುಂಬಿ.

ಸದ್ದು ಮಾಮೂಲಿಗೆ ಬಂದು, ಎರಡೂ ದಿಕ್ಕಿಗೆ ಜರ್ಕ್ ಇಲ್ಲದೆ ಓಡುವ ತನಕ ಇಡೀ ಕ್ರಮ ಮತ್ತೆ ಮಾಡಿ. ಒಂದೇ ಸಲಕ್ಕೆ ಪೂರ್ತಿ ಹೋಗುತ್ತದೆ ಎಂದುಕೊಳ್ಳಬೇಡಿ.

## ಹಂತ 9: ಆಯಿಲ್ ಬದಲಾಯಿಸುವುದು

ಇಲ್ಲಿಯವರೆಗೆ ಎಲ್ಲ ಸರಿಯಿದ್ದೂ ಬಿಸಿಯಾದಾಗ ಸೋಲುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ವಾರಂಟಿ ಇದ್ದರೆ ಇದನ್ನು ಮುಟ್ಟುವ ಮುಂಚೆ ಡೀಲರ್ ಹತ್ತಿರ ಕೇಳಿ.

ಯಾವ ಆಯಿಲ್ ಎನ್ನುವುದನ್ನು ಅಂದಾಜಿನಿಂದ ನಿರ್ಧರಿಸಬೇಡಿ. ಹೈಡ್ರೋ-ಗೇರ್ ಕಂಪನಿಯ ಹಲವು ಯೂನಿಟ್‌ಗಳಿಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ಹೇಳುತ್ತಾರೆ. ಚಿಕ್ಕ ಗಾಡಿಗಳಲ್ಲಿ ಬಹಳ ಕಾಣುವ ಟಫ್ ಟಾರ್ಕ್ ಕೆ46 ಯೂನಿಟ್ಟಿಗೆ ಕಂಪನಿಯದೇ 5ಡಬ್ಲ್ಯೂ-50 ಸಿಂಥೆಟಿಕ್ ಆಯಿಲ್ ಇದೆ. ಹೈಡ್ರೋ ಎಂಬ ಹೆಸರು ನೋಡಿ ಸಿಕ್ಕಿದ ಹೈಡ್ರಾಲಿಕ್ ಆಯಿಲ್ ಸುರಿಯುವುದು ಎಲ್ಲರೂ ಮಾಡುವ ತಪ್ಪು.

ಕೆ46ನಂಥ ಯೂನಿಟ್‌ಗಳಲ್ಲಿ ಕೆಳಗೆ ಡ್ರೈನ್ ಪ್ಲಗ್ ಇಲ್ಲದಿರುವುದೇ ಹೆಚ್ಚು. ಮೇಲಿನ ರಂಧ್ರದಿಂದ ಪೈಪ್ ಹಾಕಿ ಹೀರಿದರೆ ಅರ್ಧಂಬರ್ಧ ಬರುತ್ತದೆ. ತಳದಲ್ಲಿ ಕೂತ ಕಸ ಅಲ್ಲೇ ಉಳಿಯುತ್ತದೆ. ಸರಿಯಾಗಿ ಆಗಬೇಕಾದರೆ ಇಡೀ ಯೂನಿಟ್ ಇಳಿಸಿ ತಲೆಕೆಳಗಾಗಿ ಇಡಬೇಕು. ಗಾಡಿಯ ಹಿಂಭಾಗ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬೆಲ್ಟ್, ಬ್ರೇಕ್ ರಾಡ್, ಕಂಟ್ರೋಲ್ ರಾಡ್, ಬೈಪಾಸ್ ರಾಡ್ ಕಳಚಿ. ಕೆಳಗೆ ಜಾಕ್ ಆಧಾರ ಕೊಟ್ಟು ಬೋಲ್ಟ್ ಬಿಚ್ಚಿ. ಪ್ರತಿ ಭಾಗ ತೆಗೆಯುವ ಮುಂಚೆ ಒಂದೊಂದು ಫೋಟೋ. ಯೂನಿಟ್ ಭಾರ ಇದೆ, ಒಬ್ಬರೇ ಎಳೆಯಬೇಡಿ.

ತಲೆಕೆಳಗಾಗಿ ಕೆಲವು ಗಂಟೆ ಬಿಡಿ. ನಡುನಡುವೆ ಪುಲ್ಲಿ ಮತ್ತು ಆಕ್ಸಲ್ ಕೈಯಲ್ಲಿ ತಿರುಗಿಸಿದರೆ ಇನ್ನಷ್ಟು ಇಳಿಯುತ್ತದೆ. ಎಷ್ಟು ಬಂತು ಎಂದು ಅಳೆಯಿರಿ. ಕೆ46ನಲ್ಲಿ ಇರಬೇಕಾದ್ದು ಸುಮಾರು 2 ಲೀಟರ್. ಅದಕ್ಕಿಂತ ತೀರಾ ಕಮ್ಮಿ ಬಂದರೆ ಗಾಡಿ ಇಷ್ಟು ದಿನ ಆಯಿಲ್ ಕೊರತೆಯಲ್ಲೇ ಓಡುತ್ತಿತ್ತು. ಹೊಸ ಆಯಿಲನ್ನು ನಿಧಾನವಾಗಿ ಹಾಕಿ, ಗುಳ್ಳೆ ಮೇಲೆ ಬರಲು ಸಮಯ ಕೊಡಿ. ಕೂರಿಸಿದ ಮೇಲೆ 8ನೇ ಹಂತ ಕಡ್ಡಾಯ.

## ಹಂತ 10: ಒಳಗೇ ಹೋಗಿದೆ ಎಂದು ಯಾವಾಗ ಒಪ್ಪಿಕೊಳ್ಳಬೇಕು

ಹೊಸ ಆಯಿಲ್, ಗಾಳಿ ತೆಗೆದಾಗಿದೆ, ಬೆಲ್ಟ್ ಸರಿಯಿದೆ, ಫ್ಯಾನ್ ಸರಿಯಿದೆ, ಆದರೂ ಬಿಸಿಯಾದ ಮೇಲೆ ಏರು ಹತ್ತುವುದಿಲ್ಲ. ತೆಗೆದ ಆಯಿಲಲ್ಲಿ ಲೋಹದ ಮಿಂಚು ಇತ್ತು. ಇಷ್ಟಾದರೆ ಒಳಗಿನ ಪಂಪ್ ಮತ್ತು ಮೋಟರಿನ ಮುಖಗಳು ಸವೆದಿವೆ. ದಪ್ಪ ಆಯಿಲ್ ಹಾಕಿ ಇನ್ನೊಂದು ಸೀಸನ್ ತಳ್ಳುವವರಿದ್ದಾರೆ. ಸೋರುವಿಕೆ ಸ್ವಲ್ಪ ಕಮ್ಮಿಯಾಗುವುದು ನಿಜ, ಆದರೆ ಸವೆದದ್ದು ವಾಪಸ್ ಬರುವುದಿಲ್ಲ.

ಕೂಡಲೇ ಓಡಿಸುವುದನ್ನು ನಿಲ್ಲಿಸಬೇಕಾದ ಲಕ್ಷಣಗಳೂ ಇವೆ. ಲೋಹ ಅರೆಯುವ ಸದ್ದು, ಪೆಡಲ್ ಬಿಟ್ಟ ಮೇಲೂ ಗಾಡಿ ಮುಂದೆ ಹೋಗುವುದು, ನೆಲದ ಮೇಲೆ ಆಯಿಲ್ ಹೊಂಡ, ಇಳಿಜಾರಿನಲ್ಲಿ ಹಿಡಿತ ತಪ್ಪುವುದು. ಕೊನೆಯದಂತೂ ಗಾಡಿಯನ್ನೇ ಮಗುಚಬಹುದು.

ರಿಪೇರಿಯೋ ಬದಲಾವಣೆಯೋ? ಸ್ವಚ್ಛವಾದ ಮೇಜು, ಟಾರ್ಕ್ ರೆಂಚ್, ಸರ್ವಿಸ್ ಮ್ಯಾನುಯಲ್, ತಾಳ್ಮೆ ಇದ್ದರೆ ಒಳಭಾಗಗಳನ್ನು ಬದಲಾಯಿಸಬಹುದು. ಇಲ್ಲವಾದರೆ ಪೂರ್ತಿ ಯೂನಿಟ್ ಬದಲಾಯಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಧೂಳಿನ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸಿದ ಹೈಡ್ರೋ ಬಹಳ ದಿನ ಬಾಳುವುದಿಲ್ಲ. ಬದಲಾಯಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿಯಲ್ಲಿ ಏರಿನ ಮೇಲೆ ಭಾರದ ಟ್ರೈಲರ್ ಎಳೆಸುತ್ತಿದ್ದೀರಾ, ನೆಲ ಉಳುತ್ತಿದ್ದೀರಾ? ಕೆ46ನಂಥ ಹಗುರ ಯೂನಿಟ್ ಮಾಡಿರುವುದು ಹುಲ್ಲು ಕತ್ತರಿಸಲು. ಅದೇ ಕೆಲಸ ಮುಂದುವರಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹೊಸ ಯೂನಿಟ್ ಕೂರಿಸುವಾಗ ಹಳೆಯ ಬೆಲ್ಟ್ ಮತ್ತು ಮುರಿದ ಫ್ಯಾನನ್ನೇ ವಾಪಸ್ ಹಾಕಬೇಡಿ. ಆಯಿಲ್ ತುಂಬಿ ಬಂದಿದೆಯೋ ಇಲ್ಲವೋ ಎಂದು ನೋಡಿಯೇ ಸ್ಟಾರ್ಟ್ ಮಾಡಿ. ಗಾಳಿ ತೆಗೆದ ಮೇಲೆ ಮೊದಲ ಅರ್ಧ ಗಂಟೆ ಬ್ಲೇಡ್ ಹಾಕದೆ, ಸಮತಟ್ಟಾದ ಜಾಗದಲ್ಲಿ ಓಡಿಸಿ. ಮರುದಿನ ತಣ್ಣಗಿರುವಾಗ ಆಯಿಲ್ ಮಟ್ಟ ಮತ್ತೊಮ್ಮೆ ನೋಡಿ, ಬೋಲ್ಟ್‌ಗಳನ್ನು ಒಂದು ಸುತ್ತು ಬಿಗಿ ಪರೀಕ್ಷಿಸಿ, ಆಮೇಲೆ ಏರಿಗೆ ಕೊಂಡೊಯ್ಯಿರಿ.